ವಿದೇಶಕ್ಕೆ ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್ ಒಯ್ಯುವುದು: ಪ್ಯಾಕಿಂಗ್‌ನಿಂದ ಕಸ್ಟಮ್ಸ್ ದಾಟುವವರೆಗೆ ಸಮಗ್ರ ಮಾರ್ಗದರ್ಶಿ

ಕಸ್ಟಮ್ಸ್ ಅಧಿಕಾರಿಗೆ ನಿಮ್ಮ ಲ್ಯಾಪ್‌ಟಾಪ್ ಎರಡು ರೀತಿಯಲ್ಲಿ ಕಾಣುತ್ತದೆ. ಒಂದು, ಅದೊಂದು ಸಾಮಾನು. ಬೆಲೆ ಎಷ್ಟು, ಹೊಸದೋ ಹಳೆಯದೋ, ಮಾರಲು ತಂದಿದ್ದೋ ಎಂದು ಕೇಳುತ್ತಾರೆ. ಎರಡು, ಅದರೊಳಗೆ ಮಾಹಿತಿ ಇದೆ. ಅದೇನು ಎಂದು ಕೇಳುತ್ತಾರೆ. ಜನ ಹೆದರುವುದು ಎರಡನೆಯದಕ್ಕೆ. ಸಿಕ್ಕಿಹಾಕಿಕೊಳ್ಳುವುದು ಮಾತ್ರ ಸಾಮಾನ್ಯವಾಗಿ ಮೊದಲನೆಯದರಲ್ಲಿ.

ಅಮೆರಿಕದ ಗಡಿ ಇಲಾಖೆಯ ಲೆಕ್ಕವನ್ನೇ ನೋಡಿ. 2023ರ ಹಣಕಾಸು ವರ್ಷದಲ್ಲಿ ಅವರು ತೆರೆದು ನೋಡಿದ ಫೋನ್, ಲ್ಯಾಪ್‌ಟಾಪ್ ಮುಂತಾದವು ಸುಮಾರು 41,700. ಆ ವರ್ಷ ಗಡಿ ದಾಟಿ ಒಳಬಂದವರು ಹತ್ತಾರು ಕೋಟಿ. ಅಂದರೆ ಶೇಕಡಾ 0.02 ಕೂಡ ಆಗಲಿಲ್ಲ. ಹಾಗಂತ ಸುಮ್ನೆ ಕೂರುವಂತಿಲ್ಲ. ಆ ಸರದಿ ನಿಮ್ಮದಾದರೆ ಹೋಗುವುದು ಬರೀ ಅರ್ಧ ಗಂಟೆ ಅಲ್ಲ. ಡಿಸ್ಕೇ ಅಲ್ಲಿ ಉಳಿದುಹೋಗಬಹುದು.

ಎರಡಕ್ಕೂ ತಯಾರಿ ಮನೆಯಲ್ಲೇ ಮುಗಿಯಬೇಕು. ಕೌಂಟರ್ ಮುಂದೆ ನಿಂತ ಮೇಲೆ ಸರಿಪಡಿಸುವಂಥದ್ದು ಏನೂ ಉಳಿದಿರುವುದಿಲ್ಲ.

ಹಂತ 1: ಒಯ್ಯುವುದನ್ನು ಕಡಿಮೆ ಮಾಡಿ

ಮೊದಲು ಮೇಜಿನ ಮೇಲೆ ಎಲ್ಲವನ್ನೂ ಹರಡಿ. ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಕ್ಯಾಮೆರಾದ ಕಾರ್ಡ್, ಹಳೆಯ ಫೋನ್. ಒಂದೊಂದನ್ನೂ ಎತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಇದು ಅಲ್ಲಿ ಯಾವ ಕೆಲಸಕ್ಕೆ ಬೇಕು? ಉತ್ತರ ತಡವರಿಸಿದರೆ ಅದು ಮನೆಯಲ್ಲೇ ಇರಲಿ.

ಬ್ಯಾಗಿನ ಸಣ್ಣ ಜೇಬುಗಳನ್ನೂ ಕೊಡವಿ. ಯಾರೋ ಎಂದೋ ಕೊಟ್ಟ ಪೆನ್ ಡ್ರೈವ್ ಅಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ಏನಿದೆ ಎಂದು ನಿಮಗೇ ಗೊತ್ತಿಲ್ಲದಿದ್ದರೆ ಗಡಿ ದಾಟಿಸಬೇಡಿ. ನಿಮ್ಮ ಬ್ಯಾಗಿನಲ್ಲಿ ಸಿಕ್ಕಿದ್ದಕ್ಕೆ ನೀವೇ ಜವಾಬ್ದಾರರು.

ಕಡತಗಳನ್ನು ಡಿಸ್ಕಿನಲ್ಲಿ ಹೊರುವ ಬದಲು ಕ್ಲೌಡ್‌ಗೆ ಹಾಕಿ, ಊರು ತಲುಪಿದ ಮೇಲೆ ಇಳಿಸಿಕೊಳ್ಳಬಹುದಲ್ವಾ ಎಂದು ಕೇಳಬಹುದು. ಬರವಣಿಗೆ, ಲೆಕ್ಕಪತ್ರ, ಪ್ರೆಸೆಂಟೇಶನ್‌ಗಳಿಗೆ ಇದೇ ಸರಿಯಾದ ದಾರಿ. ವಿಡಿಯೋ ಇದ್ದರೆ ಲೆಕ್ಕ ಬೇರೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಇಂಟರ್ನೆಟ್ ಒಂದು ಕ್ಷಣವೂ ನಿಲ್ಲದೆ ಓಡಿದರೂ 1 ಟೆರಾಬೈಟ್ ಸಾಗಿಸಲು 22 ಗಂಟೆ ಬೇಕು. 4 ಟೆರಾಬೈಟ್ ಇದ್ದರೆ ಹೆಚ್ಚುಕಡಿಮೆ ನಾಲ್ಕು ದಿನ. ಹೋಟೆಲ್ ವೈಫೈ ನಂಬಿಕೊಂಡು ಇಷ್ಟನ್ನು ಇಳಿಸಲು ಆಗುವುದಿಲ್ಲ. ಅಂಥವರು ಡಿಸ್ಕ್ ಒಯ್ಯಲೇಬೇಕು.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಕ್ಲೌಡ್ ಆ್ಯಪ್ ಲಾಗಿನ್ ಆಗಿರುವ ಲ್ಯಾಪ್‌ಟಾಪ್ ಖಾಲಿ ಲ್ಯಾಪ್‌ಟಾಪ್ ಅಲ್ಲ. ಸಿಂಕ್ ಆದ, ಅಂದರೆ ಕ್ಲೌಡ್ ಮತ್ತು ಯಂತ್ರ ಎರಡರಲ್ಲೂ ತಾನಾಗಿ ಒಂದೇ ರೀತಿ ಇರುವ ಕಡತಗಳ ಪ್ರತಿ ಯಂತ್ರದೊಳಗೇ ಕೂತಿರುತ್ತದೆ. ಮೇಲ್ ಆ್ಯಪ್ ಕೂಡ ಹಾಗೆಯೇ, ಹಲವು ವರ್ಷಗಳ ಪತ್ರಗಳನ್ನು ಇಳಿಸಿಟ್ಟುಕೊಂಡಿರಬಹುದು. ಹೊರಡುವ ಮುನ್ನ ಸಿಂಕ್ ನಿಲ್ಲಿಸಿ, ಒಳಗಿನ ಪ್ರತಿ ತೆಗೆದು, ಲಾಗ್ ಔಟ್ ಮಾಡಿ. ಕ್ರಮ ತಪ್ಪಬೇಡಿ. ಸಿಂಕ್ ಓಡುತ್ತಿರುವಾಗಲೇ ಅಳಿಸಿದರೆ ಕ್ಲೌಡ್‌ನಲ್ಲಿರುವುದೂ ಅಳಿದುಹೋಗುತ್ತದೆ.

ಕಚೇರಿ ಕೆಲಸಕ್ಕೆ ಹೋಗುವವರು ಪ್ರವಾಸಕ್ಕೆಂದೇ ಇಟ್ಟಿರುವ ಬೇರೆ ಲ್ಯಾಪ್‌ಟಾಪ್ ಇದೆಯಾ ಎಂದು ಐಟಿ ವಿಭಾಗವನ್ನು ಕೇಳಿ. ಆ ಪ್ರವಾಸಕ್ಕೆ ಬೇಕಾದಷ್ಟನ್ನೇ ಹಾಕಿ ಕೊಡುತ್ತಾರೆ, ವಾಪಸ್ ಬಂದ ಮೇಲೆ ಅಳಿಸುತ್ತಾರೆ. ನನ್ನ ಪ್ರಕಾರ ಇದಕ್ಕಿಂತ ನೆಮ್ಮದಿಯ ಏರ್ಪಾಡು ಇಲ್ಲ.

ಹಂತ 2: ಒಳಗಿರುವುದು ಅಲ್ಲಿ ಕಾನೂನುಬದ್ಧವೇ ನೋಡಿ

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳು ಹೆಚ್ಚುಕಡಿಮೆ ಎಲ್ಲ ಕಡೆ ಘೋರ ಅಪರಾಧ. ವಯಸ್ಕರ ಅಶ್ಲೀಲ ಚಿತ್ರ ಕೆಲವು ದೇಶಗಳಲ್ಲಿ ಅಪರಾಧ, ಕೆಲವು ದೇಶಗಳಲ್ಲಿ ಅಲ್ಲ. ಕೊಲ್ಲಿ ದೇಶಗಳಿಗೆ ಹೋಗುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನೀವು ಇಳಿಸಿಕೊಂಡಿದ್ದನ್ನಷ್ಟೇ ನೋಡಿದರೆ ಸಾಲದು. ವಾಟ್ಸ್‌ಆ್ಯಪ್ ಗುಂಪಿನಿಂದ ತಾನೇ ಇಳಿದು ಕೂತ ವಿಡಿಯೋಗಳ ಫೋಲ್ಡರನ್ನೂ ತೆರೆದು ನೋಡಿ.

ಗ್ರಾಹಕರ ಮಾಹಿತಿ, ರೋಗಿಗಳ ದಾಖಲೆ, ಕಕ್ಷಿದಾರರ ಕಡತ ನಿಮ್ಮ ಬಳಿ ಇದ್ದರೆ ಅದನ್ನು ದೇಶದ ಹೊರಗೆ ಒಯ್ಯಲು ಅನುಮತಿ ಇದೆಯಾ ಎಂದು ಬರಹದಲ್ಲೇ ಕೇಳಿ. ಎಂಜಿನಿಯರುಗಳಿಗೆ ಇನ್ನೊಂದು ಎಚ್ಚರಿಕೆ ಇದೆ. ಅಮೆರಿಕದ ರಫ್ತು ನಿಯಂತ್ರಣ ನಿಯಮಗಳ ಪ್ರಕಾರ, ನಿಯಂತ್ರಿತ ತಂತ್ರಜ್ಞಾನದ ನಕ್ಷೆ ಅಥವಾ ಮಾಹಿತಿ ಲ್ಯಾಪ್‌ಟಾಪಿನಲ್ಲಿದ್ದು ಅದು ದೇಶದಿಂದ ಹೊರಗೆ ಹೋದರೆ ಅದೂ ರಫ್ತೇ. ಮಾರಬೇಕಾಗಿಲ್ಲ, ಯಾರಿಗೂ ತೋರಿಸಬೇಕಾಗಿಲ್ಲ. ರಕ್ಷಣೆ, ವಿಮಾನ, ಚಿಪ್ ವಿನ್ಯಾಸದಂಥ ಕ್ಷೇತ್ರದವರು ಕಂಪನಿಯ ಕಾನೂನು ವಿಭಾಗದ ಒಪ್ಪಿಗೆ ಇಲ್ಲದೆ ಹೊರಡಬಾರದು.

ಹಂತ 3: ಕಾಗದಪತ್ರ ಜೋಡಿಸಿ

ಬೇಸರದ ಕೆಲಸ ನಿಜ. ಆದರೆ ಕೌಂಟರಿನಲ್ಲಿ ನಿಮ್ಮ ಪರವಾಗಿ ಮಾತಾಡುವುದು ಇದೊಂದೇ.

ಪ್ರತಿ ಸಾಧನದ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಒಂದು ಹಾಳೆಯಲ್ಲಿ ಬರೆಯಿರಿ. ಲ್ಯಾಪ್‌ಟಾಪ್ ಆದರೆ ಅಡಿಭಾಗದ ಸ್ಟಿಕರ್ ಮೇಲೆ ಅಥವಾ ಸೆಟ್ಟಿಂಗ್ಸ್ ಒಳಗೆ ಇರುತ್ತದೆ. ಹಾರ್ಡ್ ಡಿಸ್ಕಿನ ನಂಬರ್ ಹಿಂಬದಿಯಲ್ಲಿ ತೀರಾ ಸಣ್ಣ ಅಕ್ಷರದಲ್ಲಿ ಇರುತ್ತದೆ, ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಖರೀದಿ ಬಿಲ್ಲಿನ ಪ್ರತಿ ಜೊತೆಗಿರಲಿ. ಫೋನಿನಲ್ಲಿ ಒಂದು, ಮುದ್ರಿಸಿದ್ದು ಒಂದು. ಫೋನನ್ನೇ ಅಧಿಕಾರಿ ಕೇಳಿ ಪಡೆದರೆ ಅದರೊಳಗಿನ ಬಿಲ್ ತೋರಿಸುವುದು ಹೇಗೆ?

ಸೀರಿಯಲ್ ನಂಬರ್ ಯಾಕೆ ಮುಖ್ಯ ಎಂದರೆ, ತಲೆನೋವು ಜಾಸ್ತಿ ಬರುವುದು ವಾಪಸ್ ಬರುವಾಗ. ಇದು ಇಲ್ಲಿಂದಲೇ ಒಯ್ದದ್ದು, ಅಲ್ಲಿ ಕೊಂಡಿದ್ದಲ್ಲ ಎಂದು ನೀವು ತೋರಿಸಬೇಕಾಗುತ್ತದೆ. ಅದಕ್ಕಾಗಿ ಹಲವು ದೇಶಗಳಲ್ಲಿ ಹೊರಡುವಾಗಲೇ ನೋಂದಣಿ ಮಾಡಿಸುವ ವ್ಯವಸ್ಥೆ ಇದೆ. ಅಮೆರಿಕದಲ್ಲಿ ಇದಕ್ಕೆ 4457 ಎಂಬ ನಮೂನೆ ಇದೆ. ಭಾರತದಲ್ಲಿ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಕೊಡುತ್ತಾರೆ. ಅಧಿಕಾರಿ ವಸ್ತುವನ್ನು ಕಣ್ಣಾರೆ ನೋಡಿ, ನಂಬರ್ ಹೊಂದಿಸಿ, ಮೊಹರು ಹಾಕುತ್ತಾರೆ. ಹಾಗಾಗಿ ಬ್ಯಾಗ್ ಚೆಕ್-ಇನ್‌ಗೆ ಹೋಗುವ ಮೊದಲೇ ಮಾಡಿಸಿ. ಒಂದು ಹಳೆಯ ಲ್ಯಾಪ್‌ಟಾಪ್‌ಗೆ ಇಷ್ಟೆಲ್ಲ ಬೇಕಿಲ್ಲ. ಹೊಸದಾಗಿ ಕಾಣುವ ದುಬಾರಿ ಯಂತ್ರ ಅಥವಾ ಎರಡಕ್ಕಿಂತ ಹೆಚ್ಚು ಸಾಧನ ಇದ್ದರೆ ಆ ಅರ್ಧ ಗಂಟೆ ಕೊಡುವುದೇ ಲೇಸು.

ಕಂಪನಿಯ ಲ್ಯಾಪ್‌ಟಾಪ್ ಆದರೆ ಲೆಟರ್‌ಹೆಡ್ ಮೇಲೆ ಒಂದು ಪತ್ರ ತೆಗೆದುಕೊಳ್ಳಿ. ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಯಂತ್ರದ ಮಾಡೆಲ್, ಸೀರಿಯಲ್ ನಂಬರ್, ಹೋಗುವ ಕಾರಣ, ಮರಳುವ ದಿನ. ಯಂತ್ರ ಕಂಪನಿಯದು, ಮಾರಾಟಕ್ಕಲ್ಲ, ವಾಪಸ್ ಬರುತ್ತದೆ ಎಂಬ ಒಂದು ಸಾಲು. ತುರ್ತಿಗೆ ಫೋನ್ ಮಾಡಬಹುದಾದ ಒಬ್ಬರ ನಂಬರ್ ಕೂಡ ಇರಲಿ. ಆ ವ್ಯಕ್ತಿ ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವವರಾಗಿರಬೇಕು.

ಚಿತ್ರೀಕರಣ ತಂಡ, ವಸ್ತುಪ್ರದರ್ಶನ, ಸಂಗೀತ ಕಾರ್ಯಕ್ರಮಗಳಿಗೆ ರಾಶಿ ಸಲಕರಣೆ ಒಯ್ಯುವವರಿಗೆ ಎಟಿಎ ಕಾರ್ನೆ ಎಂಬ ದಾಖಲೆ ಇದೆ. 1961ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದದ್ದು. ಸುಮಾರು 80 ದೇಶಗಳಲ್ಲಿ ನಡೆಯುತ್ತದೆ. ವಾಣಿಜ್ಯ ಮಂಡಳಿಗಳ ಮೂಲಕ ಸಿಗುತ್ತದೆ, ಗರಿಷ್ಠ ಒಂದು ವರ್ಷ ಬಾಳುತ್ತದೆ. ಇದಿದ್ದರೆ ಸುಂಕ ಕಟ್ಟದೆ ಸಾಮಾನು ಒಳಗೆ ಒಯ್ದು ಹೊರಗೆ ತರಬಹುದು. ಶರತ್ತು ಕಟ್ಟುನಿಟ್ಟು: ಪಟ್ಟಿಯಲ್ಲಿರುವ ಪ್ರತಿ ವಸ್ತುವೂ ಹಿಂದಿರುಗಬೇಕು, ಪ್ರತಿ ಗಡಿಯಲ್ಲೂ ಮೊಹರು ಬೀಳಬೇಕು. ವಿಮಾನ ಹಿಡಿಯುವ ಅವಸರದಲ್ಲಿ ಹೊರಡುವಾಗಿನ ಮೊಹರು ಮರೆತರೆ, ಸಾಮಾನು ಅಲ್ಲೇ ಉಳಿಯಿತು ಎಂದು ತಿಳಿದು ತಿಂಗಳುಗಳ ನಂತರ ಸುಂಕದ ಬೇಡಿಕೆ ಬರಬಹುದು. ಒಂದೆರಡು ಲ್ಯಾಪ್‌ಟಾಪ್ ಒಯ್ಯುವವರಿಗೆ ಕಾರ್ನೆಯ ಗೊಡವೆ ಬೇಡ.

ಹಂತ 4: ಸುಂಕದ ಲೆಕ್ಕ ಮೊದಲೇ ಹಾಕಿ

ನೀವೇ ಬಳಸುವ ಲ್ಯಾಪ್‌ಟಾಪನ್ನು ಒಯ್ದು ವಾಪಸ್ ತರುವುದಾದರೆ ಬಹುತೇಕ ದೇಶಗಳು ಸುಂಕ ಕೇಳುವುದಿಲ್ಲ. ಪ್ರಶ್ನೆ ಏಳುವುದು ಮೂರು ಕಡೆ: ಹೊಸ ವಸ್ತು, ಉಡುಗೊರೆ, ಸಂಖ್ಯೆ.

ಹೊಸದು ಅಥವಾ ಉಡುಗೊರೆ ಆದರೆ ಸುಂಕರಹಿತ ಮಿತಿ ನೋಡಬೇಕು. ಯುರೋಪಿಯನ್ ಒಕ್ಕೂಟಕ್ಕೆ ವಿಮಾನ ಅಥವಾ ಹಡಗಿನಲ್ಲಿ ಬರುವವರಿಗೆ 430 ಯೂರೋ, ರಸ್ತೆ ಅಥವಾ ರೈಲಿನಲ್ಲಿ ಬಂದರೆ 300 ಯೂರೋ. ಬ್ರಿಟನ್ 390 ಪೌಂಡ್. ಆಸ್ಟ್ರೇಲಿಯಾದಲ್ಲಿ ವಯಸ್ಕರಿಗೆ 900 ಆಸ್ಟ್ರೇಲಿಯನ್ ಡಾಲರ್. ಈ ಅಂಕಿಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಆ ದೇಶದ ಕಸ್ಟಮ್ಸ್ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ. ಬಂಧುಗಳ ಮಾತು ನಂಬಬೇಡಿ, ಅವರು ಹೇಳುವುದು ಅವರು ಪ್ರಯಾಣಿಸಿದ ವರ್ಷದ ನಿಯಮ.

ಮಿತಿ ದಾಟಿದರೆ ಗಂಡ ಹೆಂಡತಿ ಇಬ್ಬರ ಮಿತಿ ಸೇರಿಸಿ ಒಂದು ಲ್ಯಾಪ್‌ಟಾಪ್ ತರಬಹುದಾ? ಯುರೋಪಿಯನ್ ಒಕ್ಕೂಟದಲ್ಲಿ ಆಗುವುದಿಲ್ಲ. ಒಂದು ವಸ್ತುವಿನ ಬೆಲೆಯನ್ನು ಇಬ್ಬರಿಗೆ ಹಂಚುವಂತಿಲ್ಲ. ಮಿತಿ ಮೀರಿದ ವಸ್ತುವಿನ ಪೂರ್ತಿ ಬೆಲೆಗೆ ತೆರಿಗೆ ಬೀಳುತ್ತದೆ, ಮೀರಿದ ಭಾಗಕ್ಕಷ್ಟೇ ಅಲ್ಲ.

ಕಂಪ್ಯೂಟರಿಗೆ ಸುಂಕವೇ ಇಲ್ಲವಂತೆ ಎಂದು ಹೇಳುವವರು ಸಿಗುತ್ತಾರೆ. ಅರ್ಧ ಸತ್ಯ. ವಿಶ್ವ ವ್ಯಾಪಾರ ಸಂಸ್ಥೆಯಡಿ 1996ರಲ್ಲಿ ಆದ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಕಂಪ್ಯೂಟರ್ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿವೆ. ಆದರೆ ಅಲ್ಲಿನ ವ್ಯಾಟ್ ಅಥವಾ ಜಿಎಸ್‌ಟಿ ಹಾಗೇ ಉಳಿಯುತ್ತದೆ. ಬ್ರಿಟನ್ನಿನಲ್ಲಿ ಅದು ಶೇಕಡಾ 20, ಜರ್ಮನಿಯಲ್ಲಿ ಶೇಕಡಾ 19. ಪ್ರಯಾಣಿಕರ ಬ್ಯಾಗೇಜಿಗೆ ಬೇರೆಯೇ ದರ ಇಟ್ಟಿರುವ ದೇಶಗಳೂ ಇವೆ.

ಡಬ್ಬ ಬಿಸಾಡಿ, ಪ್ಲಾಸ್ಟಿಕ್ ಹಾಳೆ ಕಿತ್ತು, ಹಳೆಯದು ಎಂದು ಹೇಳುವ ಉಪಾಯ ಎಲ್ಲರಿಗೂ ಗೊತ್ತು. ಅಧಿಕಾರಿಗಳಿಗೂ ಗೊತ್ತು. ಹೆಚ್ಚಿನ ಕಂಪನಿಗಳ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿದರೆ ವಾರಂಟಿ ಯಾವಾಗ ಶುರುವಾಯಿತು ಎಂದು ತೋರಿಸುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಕೊಂಡ ದೇಶದಲ್ಲಿ ವ್ಯಾಟ್ ವಾಪಸ್ ಪಡೆದಿದ್ದರಂತೂ, ಇದು ಹೊಸದು, ಇಂತಿಷ್ಟು ಬೆಲೆಯದು ಎಂದು ನೀವೇ ಬರೆದುಕೊಟ್ಟಂತೆ.

ಸಂಖ್ಯೆಯ ವಿಷಯ. ಭಾರತಕ್ಕೆ ಬರುವ 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಎರಡನೆಯದು ಬಂದರೆ ಪ್ರಶ್ನೆ ಬರುತ್ತದೆ. ಬೇರೆ ದೇಶಗಳಲ್ಲಿ ಹೀಗೆ ಅಂಕಿಯಲ್ಲಿ ಬರೆದಿಲ್ಲದಿದ್ದರೂ ಅಧಿಕಾರಿಯ ಲೆಕ್ಕ ಹೀಗೇ ಓಡುತ್ತದೆ. ಒಬ್ಬರಿಗೆ ಎರಡು ಲ್ಯಾಪ್‌ಟಾಪ್ ಅರ್ಥವಾಗುತ್ತದೆ, ಒಂದು ಕಚೇರಿಯದು, ಒಂದು ಸ್ವಂತದ್ದು. ನಾಲ್ಕಾದರೆ ವ್ಯಾಪಾರ. ಡಿಸ್ಕುಗಳೂ ಅಷ್ಟೇ. ಸೀಲ್ ಒಡೆಯದ ಹತ್ತು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಚಿಪ್ ಡಿಸ್ಕ್) ಮಾರಾಟದ ಸರಕಿನಂತೆಯೇ ಕಾಣುತ್ತದೆ. ಹೆಸರು ಬರೆದ, ಬಳಸಿದ ಹತ್ತು ಡಿಸ್ಕು ಚಿತ್ರೀಕರಣ ಮಾಡುವವರ ಚೀಲದಂತೆ ಕಾಣುತ್ತದೆ.

ನಮ್ಮ ಹುಡುಗನಿಗೆ ಇದೊಂದು ತಲುಪಿಸಿಬಿಡಿ ಎಂದು ಯಾರಾದರೂ ಲ್ಯಾಪ್‌ಟಾಪ್ ಕೊಟ್ಟರೆ ದಾಕ್ಷಿಣ್ಯ ಬಿಟ್ಟು ಬೇಡ ಎನ್ನಿ. ನಿಮ್ಮ ಹೆಸರಲ್ಲಿ ಗಡಿ ದಾಟಿದ್ದರ ಸುಂಕವೂ ನಿಮ್ಮದು, ಒಳಗಿದ್ದದ್ದರ ಹೊಣೆಯೂ ನಿಮ್ಮದು.

ಹಂತ 5: ಬ್ಯಾಕಪ್

ಚಿಕ್ಕದಾಗಿ ಹೇಳುತ್ತೇನೆ. ಒಯ್ಯುವ ಪ್ರತಿ ಕಡತದ ಇನ್ನೊಂದು ಪ್ರತಿ ಮನೆಯಲ್ಲಿ ಇರಬೇಕು. ಅದನ್ನು ಒಮ್ಮೆ ತೆರೆದು ನೋಡಿರಬೇಕು. ಗಡಿಯಲ್ಲಿ ಡಿಸ್ಕ್ ಉಳಿದರೆ ಹೋಗುವುದು ಡಿಸ್ಕಿನ ದುಡ್ಡು ಮಾತ್ರ ಆಗಿರಬೇಕು. ವಿದೇಶದಲ್ಲಿ ಚಿತ್ರೀಕರಿಸಿ ಮರಳುವವರು ಎರಡು ಡಿಸ್ಕಿನಲ್ಲಿ ಪ್ರತಿ ಮಾಡಿ ಇಬ್ಬರ ಬ್ಯಾಗಿನಲ್ಲಿ ಇಡಿ. ಸಾಧ್ಯವಾದರೆ ಇಬ್ಬರೂ ಬೇರೆ ಬೇರೆ ವಿಮಾನದಲ್ಲಿ ಬನ್ನಿ.

ಹಂತ 6: ಎನ್‌ಕ್ರಿಪ್ಷನ್ ಹಾಕಿ, ಪೂರ್ತಿ ಬಂದ್ ಮಾಡಿ

ಲಾಗಿನ್ ಪಾಸ್‌ವರ್ಡ್ ಇದೆಯಲ್ಲ, ಸಾಕಲ್ವಾ? ಸಾಲದು. ಎನ್‌ಕ್ರಿಪ್ಷನ್ ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ಬದಲಿಸುವುದು. ಅದು ಇಲ್ಲದಿದ್ದರೆ ಲ್ಯಾಪ್‌ಟಾಪಿನ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಎಲ್ಲವನ್ನೂ ಓದಬಹುದು. ಲಾಗಿನ್ ಪರದೆ ಅಲ್ಲಿ ಅಡ್ಡ ಬರುವುದೇ ಇಲ್ಲ. ಕಸ್ಟಮ್ಸ್ ಇರಲಿ, ಟ್ಯಾಕ್ಸಿಯಲ್ಲಿ ಬ್ಯಾಗ್ ಮರೆತರೂ ಇದೇ ಅಪಾಯ. ಆ ಸಾಧ್ಯತೆಯೇ ಜಾಸ್ತಿ.

ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್. ಹೋಮ್ ಆವೃತ್ತಿಯ ಹಲವು ಯಂತ್ರಗಳಲ್ಲಿ ಅದೇ ಕೆಲಸ ಮಾಡುವ ಡಿವೈಸ್ ಎನ್‌ಕ್ರಿಪ್ಷನ್ ಇರುತ್ತದೆ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಲಿನಕ್ಸ್‌ನಲ್ಲಿ ಲಕ್ಸ್. ಇವೆಲ್ಲ ಯಂತ್ರದ ಜೊತೆಗೇ ಬರುತ್ತವೆ. ಹೊರಡುವ ಹಿಂದಿನ ರಾತ್ರಿ ಮಾತ್ರ ಶುರು ಮಾಡಬೇಡಿ. ದೊಡ್ಡ ಹಾರ್ಡ್ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಲು ಗಂಟೆಗಟ್ಟಲೆ ಹಿಡಿಯುತ್ತದೆ.

ಹೊರಗಿನ ಡಿಸ್ಕುಗಳಿಗೆ ಬೇರೆಯಾಗಿ ಹಾಕಬೇಕು. ಲ್ಯಾಪ್‌ಟಾಪಿನ ಎನ್‌ಕ್ರಿಪ್ಷನ್ ಅವಕ್ಕೆ ತಾನಾಗಿ ಹೋಗುವುದಿಲ್ಲ, ಇಲ್ಲೇ ಬಹಳ ಜನ ಎಡವುವುದು. ವಿಂಡೋಸ್‌ನಲ್ಲಿ ಮಾತ್ರ ಬಳಸುವುದಾದರೆ ಬಿಟ್‌ಲಾಕರ್ ಸಾಕು. ಆದರೆ ಅದನ್ನು ಮ್ಯಾಕ್ ತಾನಾಗಿ ತೆರೆಯುವುದಿಲ್ಲ. ಎರಡರಲ್ಲೂ ಬೇಕಾದರೆ ವೆರಾಕ್ರಿಪ್ಟ್ ಎಂಬ ತಂತ್ರಾಂಶ ಬಳಸಿ.

ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೊಡುತ್ತದೆ. ಯಂತ್ರ ಶುರುವಾಗುವ ಕ್ರಮ ಬದಲಾದರೆ ಅಥವಾ ಅದನ್ನು ಶುರು ಮಾಡುವ ಮೂಲ ತಂತ್ರಾಂಶವಾದ ಬಯಾಸ್ ಅಪ್‌ಡೇಟ್ ಆದರೆ ಯಂತ್ರ ಅದನ್ನೇ ಕೇಳಿ ಕೂರಬಹುದು. ಅದು ಕೈಗೆ ಸಿಗುವಂತಿರಬೇಕು, ಆದರೆ ಅದೇ ಬ್ಯಾಗಿನಲ್ಲಿ ಇರಬಾರದು. 2013ರ ಆಗಸ್ಟ್‌ನಲ್ಲಿ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಡೇವಿಡ್ ಮಿರಾಂಡಾ ಅವರನ್ನು ಪೊಲೀಸರು ಸುಮಾರು ಒಂಬತ್ತು ಗಂಟೆ ತಡೆದು ಪ್ರಶ್ನಿಸಿದರು. ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರ ಸಂಗಾತಿ ಆಗಿದ್ದರು ಅವರು. ಅವರ ಬಳಿಯ ಡ್ರೈವ್‌ಗಳನ್ನು ವಶಪಡಿಸಿಕೊಂಡರು. ಡ್ರೈವ್‌ಗಳಿಗೆ ಎನ್‌ಕ್ರಿಪ್ಷನ್ ಇತ್ತು. ಆದರೆ ಒಂದಿಷ್ಟು ಕಡತ ತೆರೆಯುವ ಪಾಸ್‌ವರ್ಡ್ ಬರೆದ ಕಾಗದವೂ ಅವರ ಜೊತೆಗೇ ಇತ್ತು ಎಂದು ಬ್ರಿಟಿಷ್ ಸರ್ಕಾರ ನ್ಯಾಯಾಲಯಕ್ಕೆ ಹೇಳಿತು.

ಇನ್ನು ಬಂದ್ ಮಾಡುವ ವಿಷಯ. ಮುಚ್ಚಳ ಮುಚ್ಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ ಅಷ್ಟೆ. ಎನ್‌ಕ್ರಿಪ್ಷನ್ ಕೀಲಿ ಮೆಮೊರಿಯಲ್ಲೇ ಉಳಿದಿರುತ್ತದೆ. ಮೆಮೊರಿ ಚಿಪ್ಪನ್ನು ತಣ್ಣಗೆ ಮಾಡಿ ಅದರಿಂದ ಈ ಕೀಲಿ ಹೊರತೆಗೆಯಬಹುದು ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2008ರಲ್ಲೇ ತೋರಿಸಿತು. ವಿಮಾನ ಇಳಿಯುವ ಮುನ್ನ ಪೂರ್ತಿ ಶಟ್ ಡೌನ್ ಮಾಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್ ಡೌನ್ ಕೂಡ ಪೂರ್ತಿ ಆಗುವುದಿಲ್ಲ, ಆ ಸೆಟ್ಟಿಂಗ್ ತೆಗೆದುಬಿಡಿ. ಬಿಟ್‌ಲಾಕರ್ ಕೆಲವು ಯಂತ್ರಗಳಲ್ಲಿ ಏನನ್ನೂ ಕೇಳದೆ ಆನ್ ಆಗುವಾಗಲೇ ಡಿಸ್ಕ್ ತೆರೆದುಬಿಡುತ್ತದೆ. ಪ್ರೊ ಇದ್ದವರು ಶುರುವಿನಲ್ಲೇ ಪಿನ್ ಕೇಳುವಂತೆ ಹೊಂದಿಸಿಕೊಳ್ಳಿ. ಫೋನನ್ನೂ ಬಂದ್ ಮಾಡಿ. ಮತ್ತೆ ಆನ್ ಮಾಡಿದಾಗ ಬೆರಳು, ಮುಖ ನಡೆಯುವುದಿಲ್ಲ, ಮೊದಲ ಸಲ ಕೋಡ್ ಒತ್ತಲೇಬೇಕು.

ಅಳಿಸಿದ್ದೇನಲ್ಲ ಎಂಬ ಧೈರ್ಯ ಬೇಡ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಕಡತ ಹೆಸರು ಕಳೆದುಕೊಳ್ಳುತ್ತದೆಯೇ ಹೊರತು ಅದರ ಮೇಲೆ ಬೇರೇನಾದರೂ ಬರೆಯುವವರೆಗೂ ಅಲ್ಲೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಸಾಮಾನ್ಯವಾಗಿ ಬೇಗ ಅಳಿಸುತ್ತದೆ. ಆದರೆ ಯುಎಸ್‌ಬಿ ಮೂಲಕ ಸಿಕ್ಕಿಸಿದ ಡಿಸ್ಕುಗಳಲ್ಲಿ ಅದು ನಡೆದೇ ನಡೆಯುತ್ತದೆ ಎಂದು ಹೇಳುವಂತಿಲ್ಲ. ಮೊದಲಿಂದಲೇ ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲೇ ಇಡುವುದು ಸರಿ.

ವೆರಾಕ್ರಿಪ್ಟ್‌ನಲ್ಲಿ ಒಂದರೊಳಗೆ ಇನ್ನೊಂದು ಗುಪ್ತ ಭಾಗ ಮಾಡುವ ಸೌಲಭ್ಯ ಇದೆ. ಗಡಿ ದಾಟುವಾಗ ಅದನ್ನು ಬಳಸಿ ಎಂದು ನಾನು ಹೇಳುವುದಿಲ್ಲ. ಇಷ್ಟೇ ಇರುವುದು ಎಂದು ಅಧಿಕಾರಿಗೆ ಸುಳ್ಳು ಹೇಳಬೇಕಾಗುತ್ತದೆ, ಮತ್ತು ಸುಳ್ಳೇ ಬೇರೆ ಅಪರಾಧ.

ಕೊನೆಯದಾಗಿ, ಎನ್‌ಕ್ರಿಪ್ಷನ್ ತಂತ್ರಜ್ಞಾನಕ್ಕೇ ಪರವಾನಗಿ ನಿಯಮ ಇರುವ ದೇಶಗಳಿವೆ, ಚೀನಾ ಅವುಗಳಲ್ಲಿ ಒಂದು. ಅಂಥ ಕಡೆ ವಿಶೇಷ ಎನ್‌ಕ್ರಿಪ್ಷನ್ ಉಪಕರಣ ಒಯ್ಯುವ ಮೊದಲು ನಿಯಮ ಓದಿ.

ಹಂತ 7: ಪಾಸ್‌ವರ್ಡ್ ಕೇಳಿದರೆ ಏನು ಎಂದು ಈಗಲೇ ತೀರ್ಮಾನಿಸಿ

ಇದಕ್ಕೆ ಒಂದೇ ಉತ್ತರ ಇಲ್ಲ. ದೇಶದ ಕಾನೂನು, ನಿಮ್ಮ ಪೌರತ್ವ, ಒಳಗಿರುವ ಮಾಹಿತಿ, ಈ ಮೂರರ ಮೇಲೆ ನಿಂತಿದೆ.

ನ್ಯೂಜಿಲೆಂಡ್ ನೇರವಾಗಿ ಬರೆದಿಟ್ಟಿದೆ. ಅಲ್ಲಿನ ಕಸ್ಟಮ್ಸ್ ಮತ್ತು ಅಬಕಾರಿ ಕಾಯ್ದೆ 2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸಕಾರಣ ಸಂಶಯ ಇದ್ದು ಅಧಿಕಾರಿ ಪಾಸ್‌ವರ್ಡ್ ಕೇಳಿದಾಗ ಕೊಡದಿದ್ದರೆ 5,000 ನ್ಯೂಜಿಲೆಂಡ್ ಡಾಲರ್‌ವರೆಗೆ ದಂಡ. ಬ್ರಿಟನ್ನಿನಲ್ಲಿ ಭಯೋತ್ಪಾದನೆ ಕಾಯ್ದೆ 2000ರ ಏಳನೆಯ ಅನುಸೂಚಿಯ ಪ್ರಕಾರ ನಿಲ್ದಾಣದಲ್ಲಿ ತಡೆದು ಪ್ರಶ್ನಿಸಲು ಸಂಶಯದ ಕಾರಣವೂ ಬೇಕಿಲ್ಲ. ಸಹಕರಿಸದಿದ್ದರೆ ಅದೇ ಅಪರಾಧ. ಮಿರಾಂಡಾ ಅವರನ್ನು ತಡೆದದ್ದೂ ಇದರಡಿಯೇ.

ಅಮೆರಿಕದ ಗಡಿ ಇಲಾಖೆಯ 2018ರ ನಿರ್ದೇಶನ ಶೋಧನೆಯನ್ನು ಎರಡು ಬಗೆ ಮಾಡುತ್ತದೆ. ಅಧಿಕಾರಿ ಕೈಯಲ್ಲೇ ಹಿಡಿದು ನೋಡುವುದಕ್ಕೆ ಸಂಶಯ ಬೇಕಾಗಿಲ್ಲ. ಬೇರೆ ಉಪಕರಣಕ್ಕೆ ಜೋಡಿಸಿ ಪ್ರತಿ ಮಾಡುವುದು, ವಿಶ್ಲೇಷಿಸುವುದು ಮುಂದುವರಿದ ಶೋಧನೆ. ಅದಕ್ಕೆ ಸಕಾರಣ ಸಂಶಯ ಅಥವಾ ರಾಷ್ಟ್ರೀಯ ಭದ್ರತೆಯ ಕಾರಣ, ಜೊತೆಗೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಯಂತ್ರದಲ್ಲಿರುವುದನ್ನು ಮಾತ್ರ ನೋಡಬಹುದು, ಕ್ಲೌಡ್‌ನಲ್ಲಿರುವುದನ್ನು ಅಲ್ಲ. ಹಾಗಾಗಿ ನೆಟ್ ಸಂಪರ್ಕ ಕಡಿದು ನೋಡಬೇಕು ಎಂದು ಆ ನಿರ್ದೇಶನವೇ ಹೇಳುತ್ತದೆ. ಹಂತ 1ರಲ್ಲಿ ಸಿಂಕ್ ಆದ ಪ್ರತಿ ತೆಗೆಯಿರಿ ಎಂದದ್ದು ಈ ಕಾರಣಕ್ಕೆ.

ಪಾಸ್‌ವರ್ಡ್ ಕೊಡಲ್ಲ ಎಂದ ಅಮೆರಿಕದ ಪ್ರಜೆಯನ್ನು ಅದೇ ಕಾರಣಕ್ಕೆ ದೇಶದೊಳಗೆ ಬಿಡದೆ ಇರಲು ಆಗುವುದಿಲ್ಲ, ಆದರೆ ಸಾಧನ ಇಟ್ಟುಕೊಳ್ಳಬಹುದು. ವೀಸಾದಲ್ಲಿ ಬಂದವರ ಸ್ಥಿತಿ ಬೇರೆ, ಅವರನ್ನು ವಾಪಸ್ ಕಳಿಸಬಹುದು. ಇದು ಅನ್ಯಾಯ ಅನ್ನಿಸಬಹುದು. ಆದರೂ ಸಂದರ್ಶಕರಾಗಿ ಹೋಗುವವರಿಗೆ ನನ್ನ ಸಲಹೆ: ಗಡಿಯಲ್ಲಿ ಹಟ ಹಿಡಿಯುವ ಬದಲು, ತೋರಿಸಲು ಹಿಂಜರಿಯುವಂಥದ್ದನ್ನು ಒಯ್ಯಲೇಬೇಡಿ. ವಕೀಲರು, ವೈದ್ಯರು, ಪತ್ರಕರ್ತರಿಗೆ ಇದು ಸ್ವಂತ ಗುಟ್ಟಿನ ವಿಷಯವಲ್ಲ, ಬೇರೆಯವರ ನಂಬಿಕೆಯ ವಿಷಯ. ಇದರಲ್ಲಿ ಕಕ್ಷಿದಾರರ ಗೋಪ್ಯ ಕಡತಗಳಿವೆ ಎಂದು ಮೊದಲೇ ಹೇಳಿ. ಅಮೆರಿಕದ ನಿರ್ದೇಶನದಲ್ಲಿ ಇಂಥ ಕಡತಗಳಿಗೆ ಬೇರೆ ವಿಧಾನವೇ ಇದೆ.

ಅಮೆರಿಕದ ಮೂಲಕ ಮೂರನೆಯ ದೇಶಕ್ಕೆ ಹೋಗುವವರೂ ಅಲ್ಲಿ ಇಳಿದು ವಲಸೆ, ಕಸ್ಟಮ್ಸ್ ತಪಾಸಣೆ ಮುಗಿಸಬೇಕಾಗುತ್ತದೆ. ಡಬ್ಲಿನ್, ಅಬುಧಾಬಿಯಂಥ ನಿಲ್ದಾಣಗಳಲ್ಲಿ ಅಮೆರಿಕದ ತಪಾಸಣೆ ವಿಮಾನ ಹತ್ತುವ ಮೊದಲೇ ನಡೆಯುತ್ತದೆ. ಟಿಕೆಟ್‌ನಲ್ಲಿ ಯಾವ ಯಾವ ದೇಶ ಇದೆ ಎಂದು ನೋಡಿ, ಎಲ್ಲದರ ನಿಯಮ ಓದಿ.

ಹಂತ 8: ಪ್ಯಾಕಿಂಗ್

ಲ್ಯಾಪ್‌ಟಾಪ್, ಡಿಸ್ಕು, ಬ್ಯಾಟರಿ ಎಲ್ಲ ಕ್ಯಾಬಿನ್ ಬ್ಯಾಗಿನಲ್ಲಿ. ಹಾರ್ಡ್ ಡಿಸ್ಕಿನ ಒಳಗೆ ತಿರುಗುವ ಭಾಗಗಳಿವೆ, ಚೆಕ್-ಇನ್ ಬ್ಯಾಗನ್ನು ಎಸೆಯುವ ರೀತಿಗೆ ಅದು ತಾಳುವುದು ಕಷ್ಟ. ಎಕ್ಸ್-ರೇಯಿಂದ ಡಿಸ್ಕು, ಎಸ್‌ಎಸ್‌ಡಿ, ಕಾರ್ಡ್ ಯಾವುದೂ ಹಾಳಾಗುವುದಿಲ್ಲ. ಹಾಳಾಗುವುದು ಕ್ಯಾಮೆರಾ ಫಿಲ್ಮ್.

ಬ್ಯಾಟರಿಗೆ ವಿಮಾನಯಾನದ ನಿಯಮ ಬೇರೆ. 100 ವ್ಯಾಟ್-ಅವರ್‌ವರೆಗೆ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ಅನುಮತಿ ಕೇಳಬೇಕಿಲ್ಲ. 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಪ್ರಯಾಣಿಕರ ಬ್ಯಾಗಿನಲ್ಲಿ ಬಿಡುವುದಿಲ್ಲ. ಪವರ್ ಬ್ಯಾಂಕ್ ಮೇಲೆ ಮಿಲಿಆಂಪ್-ಅವರ್ ಮಾತ್ರ ಬರೆದಿದ್ದರೆ ಅದನ್ನು ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿ. 3.7 ವೋಲ್ಟಿನ 20,000 ಮಿಲಿಆಂಪ್-ಅವರ್ ಅಂದರೆ 74 ವ್ಯಾಟ್-ಅವರ್. ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕುವಂತೆಯೇ ಇಲ್ಲ. ಕಂಪನಿ ದೋಷ ಇದೆ ಎಂದು ವಾಪಸ್ ಕರೆದ ಬ್ಯಾಟರಿ ಇರುವ ಲ್ಯಾಪ್‌ಟಾಪನ್ನೂ ಒಯ್ಯುವಂತಿಲ್ಲ. 2019ರಲ್ಲಿ 15 ಇಂಚಿನ ಕೆಲವು ಮ್ಯಾಕ್‌ಬುಕ್ ಪ್ರೊಗಳಿಗೆ ಹೀಗಾಯಿತು.

ಲ್ಯಾಪ್‌ಟಾಪ್ ಚಾರ್ಜ್ ಆಗಿರಲಿ. ಆನ್ ಮಾಡಿ ತೋರಿಸಿ ಎಂದು ಭದ್ರತಾ ತಪಾಸಣೆಯಲ್ಲಿ ಕೇಳುವುದುಂಟು. ಬಿಚ್ಚಿದ ಡಿಸ್ಕುಗಳನ್ನು ಸ್ಥಿರ ವಿದ್ಯುತ್ತಿನಿಂದ ಕಾಪಾಡುವ ಆ್ಯಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಮೇಲೆ ಹೆಸರು, ಸೀರಿಯಲ್ ನಂಬರ್ ಬರೆದು ಒಂದೇ ಕಡೆ ಇಡಿ. ಬ್ಯಾಗಿನ ಮೂಲೆಮೂಲೆಯಿಂದ ಒಂದೊಂದೇ ಹೊರಬಂದರೆ ಬಚ್ಚಿಟ್ಟಂತೆ ಕಾಣುತ್ತದೆ.

ಹಂತ 9: ಕೌಂಟರ್ ಮುಂದೆ

ಘೋಷಿಸಬೇಕಾದದ್ದು ಇದ್ದರೆ ರೆಡ್ ಚಾನೆಲ್. ಸಂಶಯ ಇದ್ದರೂ ರೆಡ್ ಚಾನೆಲ್. ಗ್ರೀನ್ ಚಾನೆಲ್‌ನಲ್ಲಿ ನಡೆದರೆ ಘೋಷಿಸುವುದೇನೂ ಇಲ್ಲ ಎಂದು ಹೇಳಿದಂತೆಯೇ ಲೆಕ್ಕ. ಅಲ್ಲಿ ಸಿಕ್ಕಿಬಿದ್ದ ಮೇಲೆ ಕೇಳೋಣ ಅಂತಿದ್ದೆ ಎಂಬ ಮಾತು ನಡೆಯುವುದಿಲ್ಲ.

ಕೇಳಿದ್ದಕ್ಕೆ ಮಾತ್ರ ಚಿಕ್ಕ ಉತ್ತರ ಕೊಡಿ. "ಇದು ನನ್ನ ಕಚೇರಿಯದು ಸರ್, ಪತ್ರ ಇಲ್ಲಿದೆ." "ಇದು ಸ್ವಂತದ್ದು, ಎರಡು ವರ್ಷ ಆಯಿತು, ಬಿಲ್ ಇದೆ." ಇಷ್ಟು ಸಾಕು. ಎನ್‌ಕ್ರಿಪ್ಷನ್ ಬಗ್ಗೆ ಕೇಳದೆ ಪಾಠ ಮಾಡಬೇಡಿ. ಜೋಕ್ ಅಂತೂ ಬೇಡವೇ ಬೇಡ.

ತೆರೆಯಲು ಹೇಳಿದರೆ, ಮತ್ತು ನೀವು ಒಪ್ಪಿದರೆ, ಪಾಸ್‌ವರ್ಡನ್ನು ನೀವೇ ಒತ್ತಲು ಅವಕಾಶ ಕೇಳಿ. ಬರೆದುಕೊಡುವುದಕ್ಕಿಂತ ಇದು ಮೇಲು. ಬರೆದುಕೊಡಲೇಬೇಕಾಗಿ ಬಂದರೆ ಆ ಪಾಸ್‌ವರ್ಡ್ ಬೇರೆಲ್ಲೂ ಬಳಸಿರಬಾರದು. ಬ್ಯಾಂಕಿಗೂ ಮೇಲ್‌ಗೂ ಅದೇ ಇಟ್ಟಿದ್ದರೆ ಹೊರಡುವ ಮುನ್ನವೇ ಬದಲಿಸಿ.

ಹಂತ 10: ಸಾಧನ ಇಟ್ಟುಕೊಂಡರೆ

ರಸೀದಿ ಇಲ್ಲದೆ ಅಲ್ಲಿಂದ ಕದಲಬೇಡಿ. ಅಮೆರಿಕದಲ್ಲಿ ಇದಕ್ಕೆ 6051ಡಿ ನಮೂನೆ ಇದೆ. ರಸೀದಿಯಲ್ಲಿ ಮಾಡೆಲ್, ಸೀರಿಯಲ್ ನಂಬರ್ ಸರಿಯಾಗಿ ಬರೆದಿದ್ದಾರಾ ಎಂದು ನಿಮ್ಮ ಹಾಳೆ ಜೊತೆ ಹೋಲಿಸಿ. ಅಧಿಕಾರಿಯ ಹೆಸರು ಅಥವಾ ಬ್ಯಾಡ್ಜ್ ನಂಬರ್, ಸಮಯ, ಕೊಟ್ಟ ಕಾರಣ ಎಲ್ಲವನ್ನೂ ಆಗಲೇ ಬರೆದಿಡಿ. ವಾಪಸ್ ಪಡೆಯಲು ಯಾರನ್ನು ಸಂಪರ್ಕಿಸಬೇಕು ಎಂದು ಕೇಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ 5 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ನಿಯಮ ಇದೆ, ಆದರೆ ಮೇಲಧಿಕಾರಿ ಅದನ್ನು ವಿಸ್ತರಿಸಬಹುದು.

ಹೊರಬಂದ ಕೂಡಲೇ ಬೇರೆ ಸಾಧನದಿಂದ ಮುಖ್ಯ ಖಾತೆಗಳ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್ ಔಟ್ ಮಾಡಿ. ಕಂಪನಿಯ ಯಂತ್ರ ಆದರೆ ಐಟಿ ವಿಭಾಗಕ್ಕೆ ಆ ಕ್ಷಣವೇ ತಿಳಿಸಿ. ಕಣ್ಣಿಗೆ ಕಾಣದ ಕೋಣೆಗೆ ಒಯ್ದು ವಾಪಸ್ ಕೊಟ್ಟ ಲ್ಯಾಪ್‌ಟಾಪನ್ನು ನಾನಾದರೆ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕದೆ ಬಳಸುವುದಿಲ್ಲ. ತುಂಬಾ ಸೂಕ್ಷ್ಮ ಕೆಲಸದವರು ಆ ಯಂತ್ರವನ್ನೇ ಬಿಟ್ಟುಬಿಡುತ್ತಾರೆ.

ಹಂತ 11: ವಾಪಸ್ ಬರುವಾಗ

ಹೋಗುವಾಗಿನ ಹಾಳೆಯನ್ನೇ ಹಿಡಿದು ಮತ್ತೊಮ್ಮೆ ಎಣಿಸಿ. ಅಲ್ಲಿ ಹೊಸ ಡಿಸ್ಕ್ ಕೊಂಡಿದ್ದರೆ ಅದರ ಬಿಲ್ ಬೇರೆ ಇಡಿ. ಅಲ್ಲಿ ಲ್ಯಾಪ್‌ಟಾಪ್ ರಿಪೇರಿಯಾಗಿ ಬೋರ್ಡ್ ಅಥವಾ ಡಿಸ್ಕ್ ಬದಲಾಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕಾಣುವ ನಂಬರ್ ಪ್ರಮಾಣಪತ್ರದ ನಂಬರಿಗೆ ಹೊಂದದೆ ಹೋಗಬಹುದು. ರಿಪೇರಿ ಅಂಗಡಿಯ ಚೀಟಿಯಲ್ಲಿ ಹಳೆಯ ಮತ್ತು ಹೊಸ ನಂಬರ್ ಎರಡನ್ನೂ ಬರೆಸಿಕೊಳ್ಳಿ. ಹೊರಡುವಾಗ ಪಡೆದ ಪ್ರಮಾಣಪತ್ರ ಚೆಕ್-ಇನ್ ಬ್ಯಾಗಿನಲ್ಲಿ ಇರಬಾರದು, ಪಾಸ್‌ಪೋರ್ಟ್ ಜೊತೆ ಇರಲಿ. ಅಮೆರಿಕದ 4457 ನಮೂನೆಯನ್ನು ಅದೇ ವಸ್ತುವಿಗೆ ಮುಂದಿನ ಪ್ರವಾಸದಲ್ಲೂ ಬಳಸಬಹುದು, ಹಾಗಾಗಿ ಅದನ್ನು ಎಸೆಯಬೇಡಿ.